ಅಪ್ಪ ಒಳಗೆ ಕೂತು ಉಂಡ ಇಂಗ್ಲೆಂಡ್

"ಇಲ್ಲಿ ನಾನೇ ಹೇಳ್ತೀನಿ" ಅಂದರು ಅಪ್ಪ. ಮೆನು ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು, ಜೇಬಿನಲ್ಲಿದ್ದ ಕನ್ನಡಕ ಹಾಕಿಕೊಂಡರು.

ಅವರು ಅಮೆರಿಕಕ್ಕೆ ಬಂದು ಆಗಲೇ ಮೂರೂವರೆ ತಿಂಗಳಾಗಿತ್ತು. ಅಷ್ಟು ದಿನವೂ ಯಾವ ಹೋಟೆಲಿಗೆ ಹೋದರೂ ಒಂದೇ ಮಾತು, "ನಿಂಗೇನು ಬೇಕೋ ಅದನ್ನೇ ನಂಗೂ ಹೇಳಮ್ಮ." ಇಂಗ್ಲಿಷ್ ಬರಲ್ಲ ಅಂತಲ್ಲ. 36 ವರ್ಷ ಬೆಮೆಲ್‌ನಲ್ಲಿ ಕೆಲಸ ಮಾಡಿದವರು. ಆದರೆ ಇಲ್ಲಿನವರ ಮಾತು ಅವರ ಕಿವಿಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ, ಅವರ ಮಾತು ಇಲ್ಲಿನವರಿಗೆ ತಿಳಿಯುತ್ತಿರಲಿಲ್ಲ. ಎರಡು ಸಲ ಕೌಂಟರಿನಲ್ಲಿ ಹಾಗಾಯಿತು, ಅಲ್ಲಿಂದಾಚೆಗೆ ಸುಮ್ಮನಾಗಿಬಿಟ್ಟಿದ್ದರು. ಹಾಗಾಗಿ ಅವತ್ತು ಅವರು ಕಾರ್ಡ್ ಕೇಳಿ ತೆಗೆದುಕೊಂಡಾಗ ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ.

ನಾವು ಕೂತಿದ್ದು ಫ್ಲೋರಿಡಾದಲ್ಲಿ, ಡಿಸ್ನಿಯವರ ಎಪ್‌ಕಾಟ್ ಪಾರ್ಕಿನೊಳಗೆ, ರೋಸ್ ಅಂಡ್ ಕ್ರೌನ್ ಅನ್ನೋ ಇಂಗ್ಲಿಷ್ ಪಬ್ಬಿನಲ್ಲಿ. 2018ರ ಏಪ್ರಿಲ್. ಒಂದು ಸೋಮವಾರ.

ಎಪ್‌ಕಾಟ್ ನೋಡದವರಿಗೆ ಸ್ವಲ್ಪ ಹೇಳಬೇಕು. ಈ ಪಾರ್ಕು ಶುರುವಾಗಿದ್ದು 1982ರ ಅಕ್ಟೋಬರ್ 1ರಂದು. ಇದರ ಅರ್ಧ ಭಾಗದಲ್ಲಿ ಒಂದು ದೊಡ್ಡ ಕೊಳ, ಅದರ ಸುತ್ತ 11 ದೇಶಗಳು. ದೇಶಗಳು ಅಂದರೆ ಒಂದೊಂದು ದೇಶಕ್ಕೂ ಒಂದು ಬೀದಿಯಷ್ಟು ಜಾಗ, ಅಲ್ಲಿನ ಥರದ ಕಟ್ಟಡ, ಅಂಗಡಿ, ಊಟ. ಪೂರ್ತಿ ಒಂದು ಸುತ್ತು ಬಂದರೆ ಹೆಚ್ಚುಕಮ್ಮಿ ಎರಡು ಕಿಲೋಮೀಟರ್. ಬಲಗಡೆಯಿಂದ ಹೊರಟರೆ ಮೊದಲು ಕೆನಡಾ, ಆಮೇಲೆ ಬ್ರಿಟನ್, ಒಂದು ಸೇತುವೆ ದಾಟಿದರೆ ಫ್ರಾನ್ಸ್. ನನ್ನ ಮಗ ನಕ್ಷೆ ಹಿಡಿದುಕೊಂಡು ಒಂದೊಂದೇ ಹೆಸರು ಓದಿ ತನ್ನ ಅಜ್ಜಿಗೆ ಹೇಳುತ್ತಿದ್ದ. ಅಮ್ಮ ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದರು, "ನಮ್ದು ಎಲ್ಲೋ?" ನಮ್ಮದು ಇಲ್ಲ. ಚೀನಾ ಇದೆ, ಜಪಾನ್ ಇದೆ, 1984ರಲ್ಲಿ ಮೊರಾಕ್ಕೋ ಬಂತು, 1988ರಲ್ಲಿ ನಾರ್ವೆ ಬಂತು. ಇಂಡಿಯಾ ಬಂದಿಲ್ಲ. ಮಗನಿಗೆ ಅದನ್ನು ಹೇಗೆ ಹೇಳಬೇಕೋ ತಿಳಿಯದೆ ನನ್ನ ಕಡೆ ತಿರುಗಿದ. ನನಗೂ ತಿಳಿಯಲಿಲ್ಲ.

ಅಲ್ಲಿ ಊಟಕ್ಕೆ ಜಾಗ ಸಿಗೋದು ಸುಲಭ ಅಲ್ಲ. ಆಗೆಲ್ಲ 180 ದಿನ ಮೊದಲೇ ಟೇಬಲ್ ಕಾಯ್ದಿರಿಸಬಹುದಿತ್ತು, ಜನ ಅಷ್ಟು ಮೊದಲೇ ಕಾಯ್ದಿರಿಸುತ್ತಲೂ ಇದ್ದರು. ನಾನು ಎರಡು ತಿಂಗಳ ಹಿಂದೆ ನೋಡಿದಾಗ ಜಪಾನ್ ಭರ್ತಿ, ಇಟಲಿ ಭರ್ತಿ, ಬ್ರಿಟನ್‌ನಲ್ಲಿ ಸಂಜೆ ಏಳೂಮುಕ್ಕಾಲಿಗೆ ಐದು ಜನಕ್ಕೆ ಜಾಗ ಇತ್ತು. ಸಿಕ್ಕಿದ್ದು ಸಾಕು ಅಂತ ಒತ್ತಿಬಿಟ್ಟೆ. ಅದರಾಚೆಗೆ ನಾನು ಏನೂ ಯೋಚಿಸಿರಲಿಲ್ಲ. ಅಪ್ಪ ಹುಟ್ಟಿ ಬೆಳೆದದ್ದು ಎಲ್ಲಿ ಅನ್ನೋದು ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲೇ ಇಲ್ಲ.

ಅಪ್ಪ ಹುಟ್ಟಿದ್ದು 1945ರಲ್ಲಿ, ಕೋಲಾರ ಚಿನ್ನದ ಗಣಿಯಲ್ಲಿ. ನಮ್ಮ ಕಡೆ ಯಾರೂ ಕೆಜಿಎಫ್‌ನಲ್ಲಿ ಅನ್ನಲ್ಲ, "ಗಣಿಯಲ್ಲಿ" ಅಂತಲೇ ಹೇಳೋದು. ತಾತ ಗಣಿ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್‌ನವರು ಬಂದ ಮೇಲೆ ಆ ಬಂಜರು ನೆಲ ಒಂದು ಊರಾಯಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಬೆಂಗಳೂರಿನ ಬೀದಿಗಳಿಗೂ ಮೊದಲು ಬಂತು. ಇಂಗ್ಲೆಂಡಿನ ಕಾರ್ನ್‌ವಾಲ್ ಅನ್ನೋ ಕಡೆಯಿಂದ, ಅಲ್ಲಿನ ತವರದ ಗಣಿಗಳಲ್ಲಿ ಕೆಲಸ ಕಲಿತವರು ಬಹಳ ಜನ ಬಂದು ನೆಲೆಸಿದರು. ಅವರಿಗೆ ಬಂಗಲೆ, ಬಂಗಲೆ ಮುಂದೆ ಗುಲಾಬಿ, ಚರ್ಚು, ಕ್ಲಬ್ಬು, ಗಾಲ್ಫ್ ಆಡೋಕೆ ಮೈದಾನ. ಪುಟ್ಟ ಇಂಗ್ಲೆಂಡ್ ಅಂತ ಹೆಸರೇ ಬಿದ್ದಿತ್ತು. ಕೆಲಸಗಾರರಿಗೆ ಲೈನ್ ಮನೆಗಳು, ಒಂದಕ್ಕೊಂದು ಅಂಟಿಕೊಂಡ ಸಾಲು.

ಅಪ್ಪ ಚಿಕ್ಕವರಿದ್ದಾಗ ದಿನಾ ಮಧ್ಯಾಹ್ನ ತಾತನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗೋರಂತೆ. ದಾರಿ ದೊರೆಗಳ ಕ್ಲಬ್ಬಿನ ಹಿಂಭಾಗಕ್ಕೆ ತಾಗಿಕೊಂಡೇ ಇತ್ತು. ಕತ್ತರಿಸಿ ಒಪ್ಪ ಮಾಡಿದ ಹಸಿರು ಬೇಲಿ, ಅದರ ಆಚೆ ಹುಲ್ಲು ಹಾಸು, ಅದರ ಆಚೆ ಅಡುಗೆ ಮನೆಯ ಕಿಟಕಿ. ಒಳಗೆ ಹೋಗೋ ಹಾಗಿರಲಿಲ್ಲ. ನಿಂತು ನೋಡೋ ಹಾಗೂ ಇರಲಿಲ್ಲ, ಕಾವಲಿನವನು ಬೈದು ಓಡಿಸೋನು. ಆದರೆ ವಾಸನೆ ಮಾತ್ರ ಬೇಲಿ ದಾಟಿ ಬರೋದಲ್ವಾ. ಕೊಬ್ಬಿನಲ್ಲಿ ಹುರಿದ ಮಾಂಸದ್ದು, ಸುಟ್ಟ ಸಕ್ಕರೆಯದ್ದು, ಇನ್ನೊಂದು ಹುಳಿಹುಳಿಯಾಗಿ ಮೂಗಿಗೆ ಚುಚ್ಚೋ ಥರದ್ದು. ಆ ಮೂರನೆಯದು ಏನು ಅಂತ ಅಪ್ಪನಿಗೆ ಗೊತ್ತಾಗಲೇ ಇಲ್ಲ. ಮನೆಯಲ್ಲಿ ಯಾರೂ ಅಂಥದ್ದನ್ನು ಬಳಸುತ್ತಿರಲಿಲ್ಲ.

ಈ ಕಥೆ ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ನೂರು ಸಲ ಕೇಳಿದ ಕಥೆಯನ್ನು ನಾವು ಕೇಳೋದೇ ಬಿಟ್ಟುಬಿಡುತ್ತೇವೆ.

ಪಬ್ಬಿನ ಹೊರಗಿನ ಬೀದಿಯಲ್ಲಿ ಕೆಂಪು ಟೆಲಿಫೋನ್ ಡಬ್ಬಿಗಳು, ಟೀ ಪುಡಿ ಅಂಗಡಿ, ಒಂದು ಮೋಟು ಮನೆ. ಅದರ ಸೂರು ಹುಲ್ಲು ಹೊದಿಸಿದ ಹಾಗೆ ಕಾಣುತ್ತದೆ, ಆದರೆ ಬೆಂಕಿಯ ಭಯಕ್ಕೆ ಪ್ಲಾಸ್ಟಿಕ್ ಕಡ್ಡಿಯಲ್ಲಿ ಮಾಡಿರೋದು. ಹೊಗೆ ಬಾರದ ಚಿಮಣಿಗೆ ಮಸಿ ಹಿಡಿದ ಹಾಗೆ ಬಣ್ಣ ಬಳಿದಿದ್ದಾರೆ. ಅಪ್ಪ ಅಲ್ಲಿ ತುಂಬ ಹೊತ್ತು ನಿಂತರು. ಬಿಸಿಲಿಗೆ ಸುಸ್ತಾಯ್ತೇನೋ ಅಂದುಕೊಂಡು ನೀರು ಕೊಟ್ಟೆ. ಕುಡಿಯಲಿಲ್ಲ. "ಗಣೀಲೂ ಹಿಂಗೇ ಇತ್ತು" ಅಂದರು. "ಬಂಗಲೆಗಳಲ್ಲಿ ಬೆಂಕಿಗೂಡು ಇರ್ತಿತ್ತು. ಚಳಿ ಅಂತ ಅಲ್ಲ. ಅವರೂರಲ್ಲಿ ಇರುತ್ತಲ್ಲ, ಅದಕ್ಕೆ."

ಆಗ ನನಗೆ ಹೊಳೆಯಿತು. ನಾನು ಅಪ್ಪನನ್ನು ಕರೆದುಕೊಂಡು ಬಂದಿದ್ದು ಮೊದಲನೇ ನಕಲಿ ಇಂಗ್ಲೆಂಡಿಗಲ್ಲ. ಅವರು ಒಂದನ್ನು ಆಗಲೇ ನೋಡಿದ್ದಾರೆ. ಊರು ಬಿಟ್ಟು ಬಂದವರು ಮುಳ್ಳು ಪೊದೆಯ ನೆಲದಲ್ಲಿ, ಕೋಲಾರದ ಬಿಸಿಲಿನಲ್ಲಿ, ತಮ್ಮೂರನ್ನು ಅಳೆದು ಕಟ್ಟಿಕೊಂಡಿದ್ದನ್ನು ಹೊರಗಿನಿಂದ ನೋಡುತ್ತಾ ಬೆಳೆದವರು. ಅಲ್ಲಿ ಇಂಗ್ಲೆಂಡಿನ ಅಡುಗೆ ಮಾಡುತ್ತಿದ್ದವರೂ ನಮ್ಮವರೇ. ಲೈನ್ ಮನೆಯಲ್ಲಿ ಪಕ್ಕದಲ್ಲೇ ಇದ್ದ ಒಬ್ಬರು ಕ್ಲಬ್ಬಿನಲ್ಲಿ ಬಟ್ಲರ್. ತಮಿಳಿನವರು, ಅಪ್ಪ ಅವರನ್ನು ಬಟ್ಲರ್ ಮಾವ ಅಂತ ಕರೆಯೋರು. ಕ್ರಿಸ್‌ಮಸ್ ರಾತ್ರಿ ಆ ಮಾವ ಪೇಪರಿನಲ್ಲಿ ಸುತ್ತಿ ಒಂದು ತುಂಡು ಕೇಕು ತಂದು ಕೊಡೋರು. ಕಪ್ಪಗೆ, ಒದ್ದೆಯಾಗಿ, ಒಣದ್ರಾಕ್ಷಿ ತುಂಬಿದ ಕೇಕು. ಅದನ್ನು ಅಜ್ಜಿ ಐದು ಮಕ್ಕಳಿಗೆ ದಾರದಲ್ಲಿ ಕೊಯ್ದು ಹಂಚೋರು. ಚಾಕುವಿನಲ್ಲಿ ಕೊಯ್ದರೆ ಪುಡಿ ಉದುರಿ ಹಾಳಾಗುತ್ತದೆ ಅಂತ.

ಒಳಗೆ ಹೋದರೆ ಕಪ್ಪು ಮರದ ಗೋಡೆ, ಹಿತ್ತಾಳೆ ಹಿಡಿಗಳು, ಬಾರಿನಲ್ಲಿ ನಿಂತುಕೊಂಡೇ ಕುಡಿಯುತ್ತಿದ್ದ ಜನ, ಗಲಾಟೆ. ಹೊರಗೆ ನೇತುಹಾಕಿದ ಬೋರ್ಡಿನ ಮೇಲೆ ಲ್ಯಾಟಿನ್‌ನಲ್ಲಿ ಮೂರು ಪದ ಇದ್ದವು, ಓಟಿಯಂ ಕುಮ್ ಡಿಗ್ನಿಟಾಟೆ. ಮಗ ಏನದು ಅಂತ ಕೇಳಿದ. ಕುರ್ಚಿ ತೋರಿಸಿದ ಹುಡುಗನೇ ಹೇಳಿದ, ಮಾನ ಮರ್ಯಾದೆಯಿಂದ ವಿಶ್ರಾಂತಿ ಅನ್ನೋ ಹಾಗೆ. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಅದನ್ನು ಮತ್ತೊಂದು ಸಲ ಹೇಳಿಸಿದರು.

ನಮಗೆ ಕೊಳದ ಕಡೆಯ ಜಗಲಿಯಲ್ಲಿ ಟೇಬಲ್ ಸಿಕ್ಕಿತು. ಬಡಿಸಲು ಬಂದ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಇಲ್ಲಿ ಕೆಲಸ ಮಾಡುವವರ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಅವರ ಊರಿನ ಹೆಸರೂ ಇರುತ್ತದೆ. ಆಯಾ ದೇಶದ ಜಾಗಕ್ಕೆ ಆಯಾ ದೇಶದ ಹುಡುಗ ಹುಡುಗಿಯರನ್ನೇ ಕರೆಸಿ, ಸುಮಾರು ಒಂದು ವರ್ಷ ಇಟ್ಟುಕೊಳ್ಳುತ್ತಾರೆ. ಅವಳ ಬಿಲ್ಲೆಯಲ್ಲಿ ಲೀಡ್ಸ್ ಅಂತಿತ್ತು. ಕಟ್ಟಡ ನಕಲಿ, ಹುಲ್ಲಿನ ಸೂರು ನಕಲಿ, ಚಿಮಣಿಯ ಮಸಿ ನಕಲಿ, ಅದರ ನಡುವೆ ಇವಳು ಮಾತ್ರ ನಿಜವಾಗಿಯೂ ಅಲ್ಲಿಂದ ಬಂದವಳು. ನಿಜವಾಗಿಯೂ ಮನೆಯಿಂದ ದೂರ ಇದ್ದವಳು.

ಅಪ್ಪ ಕಾರ್ಡನ್ನು ಮೇಲಿಂದ ಕೆಳಗೆ ಓದಿದರು. ಬೆರಳಿಟ್ಟು, ಒಂದೂ ಸಾಲು ಬಿಡದೆ. ಹುಡುಗಿ ಕಾಯುತ್ತಾ ನಿಂತಿದ್ದಳು. ನನಗೆ ಹಿಂಸೆ. ಅವರಿಗೆ ಬೇರೆ ಟೇಬಲ್ ಇರುತ್ತೆ ಅಪ್ಪ ಅಂತ ಹೇಳೋಕೆ ಬಾಯಿ ತೆರೆದಿದ್ದೆ, ನಮ್ಮೆಜಮಾನರು ಟೇಬಲ್ ಕೆಳಗಿಂದ ಕಾಲು ತುಳಿದರು. ಅಪ್ಪ ತಲೆ ಎತ್ತಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು. ಮೊದಲು ಸ್ಕಾಚ್ ಎಗ್. ಆಮೇಲೆ ಫಿಶ್ ಅಂಡ್ ಚಿಪ್ಸ್. ನನ್ನ ಮೊಮ್ಮಗನಿಗೆ ಸಾಸೇಜು, ಹಿಸುಕಿದ ಆಲೂಗಡ್ಡೆ. ನನ್ನ ಹೆಂಡತಿ ಸೋಮವಾರ ಮಾಂಸ ಮೀನು ಮುಟ್ಟಲ್ಲ, ಅವಳಿಗೆ ಏನು ಕೊಡಬಹುದು, ದಯವಿಟ್ಟು ಅಡುಗೆ ಮನೆಯಲ್ಲಿ ಕೇಳಿ.

ಅವಳಿಗೆ ಒಂದು ಪದವೂ ತಪ್ಪದೆ ಅರ್ಥವಾಯಿತು. ಅಪ್ಪನಿಗೂ ಅವಳ ಮಾತು ಅರ್ಥವಾಯಿತು. ಅವರ ಕಿವಿ ಇಂಗ್ಲಿಷ್ ಕಲಿತಿದ್ದೇ ಆ ಥರದ ದನಿಯಲ್ಲಲ್ವಾ, ಬೇಲಿಯ ಆಚೆಯಿಂದ.

ಸ್ಕಾಚ್ ಎಗ್ ಅಂದರೆ ಬೇಯಿಸಿದ ಮೊಟ್ಟೆಗೆ ಕೈಮಾ ಮೆತ್ತಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಲಂಡನ್ನಿನ ಒಂದು ಹಳೇ ಅಂಗಡಿಯವರು ಇದನ್ನು 1738ರಲ್ಲಿ ನಾವೇ ಮಾಡಿದ್ದು ಅಂತಾರೆ, ಇನ್ನು ಕೆಲವರು ಇದು ನಮ್ಮ ಕಡೆಯ ನರ್ಗೀಸಿ ಕೋಫ್ತಾ ನೋಡಿ ಕಲಿತದ್ದು ಅಂತಾರೆ. ಅಪ್ಪ ಅರ್ಧಕ್ಕೆ ಕೊಯ್ದು ನೋಡಿ, "ಇದನ್ನ ಬಟ್ಲರ್ ಮಾವ ಮಾಡೋರು, ಹೇಳಿದ್ರು ನಂಗೆ" ಅಂದರು. ತಿಂದಿರಲಿಲ್ಲ. ಹೇಳಿದ್ದನ್ನು ಕೇಳಿದ್ದರು ಅಷ್ಟೇ. ಎಪ್ಪತ್ಮೂರನೇ ವಯಸ್ಸಿನಲ್ಲಿ ಮೊದಲ ತುತ್ತು.

ಮೀನು ಬಂತು. ಅಂಗೈಗಿಂತ ಉದ್ದದ ತುಂಡು, ಮೇಲಿನ ಹಿಟ್ಟು ಅಲ್ಲಲ್ಲಿ ಉಬ್ಬಿ ಗುಳ್ಳೆ ಎದ್ದಿತ್ತು, ನಮ್ಮ ಬಜ್ಜಿಯ ಹಾಗೇ ಆದರೆ ಇನ್ನೂ ತೆಳ್ಳಗೆ, ಮುಟ್ಟಿದರೆ ಪುಟಕ್ಕನೆ ಒಡೆಯೋ ಹಾಗೆ. ಒಳಗಡೆ ಮೀನು ಬೆಳ್ಳಗೆ, ಪದರ ಪದರವಾಗಿ ಬಿಡುತ್ತಿತ್ತು. ಪಕ್ಕದಲ್ಲಿ ದಪ್ಪ ದಪ್ಪ ಆಲೂಗಡ್ಡೆ ಹೋಳು. ಇದು ಇಂಗ್ಲೆಂಡಿನವರ ಪ್ರಾಣ. ಎರಡನೇ ಮಹಾಯುದ್ಧದಲ್ಲಿ ಬೆಣ್ಣೆ, ಸಕ್ಕರೆ, ಮಾಂಸ ಎಲ್ಲಕ್ಕೂ ರೇಷನ್ ಬಂದಾಗಲೂ ಇದಕ್ಕೆ ಮಾತ್ರ ಸರ್ಕಾರ ರೇಷನ್ ಹಾಕಲಿಲ್ಲ. ಆದರೆ ಹುಡುಕುತ್ತಾ ಹೋದರೆ ಮೀನನ್ನು ಹೀಗೆ ಕರಿಯೋದು ಸ್ಪೇನ್ ಪೋರ್ಚುಗಲ್ ಕಡೆಯಿಂದ ಓಡಿ ಬಂದ ಯಹೂದಿಗಳು ತಂದದ್ದು, ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಎರಡನ್ನೂ ಸೇರಿಸಿ ಮಾರಿದ ಮೊದಮೊದಲ ಅಂಗಡಿಗಳಲ್ಲಿ ಒಂದು ಲಂಡನ್ನಿನಲ್ಲಿ 1860ರ ಸುಮಾರಿಗೆ ಜೋಸೆಫ್ ಮ್ಯಾಲಿನ್ ಅನ್ನೋ ಯಹೂದಿಯದು. ಹೀಗೆ ಹೊರಗಿನಿಂದ ಬಂದದ್ದನ್ನು ಉಂಡು ಉಂಡು ತಮ್ಮದು ಮಾಡಿಕೊಂಡರು. ನಾವೂ ಅಷ್ಟೇ. ಅಜ್ಜಿ ಹೊರಗಿನಿಂದ ಬಂದಿದ್ದಕ್ಕೆಲ್ಲ ಮುಂದೆ ಒಂದು ಸೀಮೆ ಸೇರಿಸೋರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆಕಾಯಿ. ಕ್ಯಾರೆಟ್ಟು, ಬೀನ್ಸು, ಕೋಸು ಎಲ್ಲ ಇಂಗ್ಲಿಷ್ ತರಕಾರಿ, ತಿಥಿ ಅಡುಗೆಗೆ ಬಾರದು. ಆದರೆ ಹಬ್ಬದ ದಿನ ಬೀನ್ಸ್ ಪಲ್ಯ ಇಲ್ಲದ ಎಲೆ ನಮ್ಮ ಮನೆಯಲ್ಲಿ ನಾನು ನೋಡಿಲ್ಲ.

ಮೀನಿನ ಜೊತೆ ಒಂದು ಸೀಸೆ ಇಟ್ಟು ಹೋಗಿದ್ದಳು, ಕಂದು ಬಣ್ಣದ ನೀರು. ಅಪ್ಪ ಬಿರಡೆ ತೆಗೆದು ಮೂಗಿನ ಹತ್ತಿರ ಹಿಡಿದರು.

ಹಿಡಿದವರು ಹಾಗೇ ಕೂತುಬಿಟ್ಟರು.

"ಏನ್ರೀ?" ಅಂದರು ಅಮ್ಮ.

ಅಪ್ಪ ಸೀಸೆಯನ್ನು ಅಮ್ಮನ ಕಡೆ ಚಾಚಿದರು. "ಇದು ಕಣೇ. ಇದೇ ಅದು."

ಮೂಗಿಗೆ ಚುಚ್ಚೋ ಹುಳಿ. ಆ ಮೂರನೇ ವಾಸನೆ. ಅದು ಮಾಲ್ಟ್ ವಿನೆಗರ್, ಬಾರ್ಲಿ ಮೊಳಕೆಯಿಂದ ಮಾಡೋದು. ಬೆಂಗಳೂರಿನ ಚೈನೀಸ್ ಹೋಟೆಲಲ್ಲಿ ಸಿಗೋ ಬಿಳಿ ವಿನೆಗರಿಗೆ ಈ ಘಾಟು ಇಲ್ಲ, ಇದರಲ್ಲಿ ಸ್ವಲ್ಪ ಸುಟ್ಟ ಧಾನ್ಯದ ವಾಸನೆಯೂ ಸೇರಿರುತ್ತದೆ. ಅಪ್ಪನ ಮನೆಯಲ್ಲಿ ಹುಳಿ ಅಂದರೆ ಹುಣಸೆ ಅಥವಾ ನಿಂಬೆ. ಅದಕ್ಕೇ ಅರವತ್ತು ವರ್ಷಕ್ಕೂ ಮೇಲೆ ಆ ವಾಸನೆಗೆ ಹೆಸರಿರಲಿಲ್ಲ. ಇವತ್ತಿಗೂ ನನಗೆ ನೆನಪಿರೋದು ಅವರು ಅದನ್ನು ಮೀನಿನ ಮೇಲೆ ಹಾಕಿದ ರೀತಿ. ತೀರ್ಥ ಹಾಕೋ ಹಾಗೆ, ಮೂರು ಹನಿ.

ಹುಡುಗಿ ಮತ್ತೆ ಬಂದಾಗ ಅಪ್ಪ ಅವಳನ್ನು ಕೇಳಿದರು, "ನೀವು ಕಾರ್ನ್‌ವಾಲಿನವರಾ?" ಬಿಲ್ಲೆಯಲ್ಲಿ ಲೀಡ್ಸ್ ಅಂತ ಇದ್ದರೂ ಕೇಳಿದರು. ಅವರಿಗೆ ಇಂಗ್ಲೆಂಡ್ ಅಂದರೆ ಕಾರ್ನ್‌ವಾಲ್. ಅವಳು ನಕ್ಕು, "ಇಲ್ಲ ಸರ್, ಅದು ತುಂಬ ದೂರ, ನಮ್ಮ ದೇಶದ ಆ ತುದಿ, ಆದ್ರೆ ಚಿಕ್ಕವಳಿದ್ದಾಗ ರಜಕ್ಕೆ ಹೋಗ್ತಿದ್ವಿ, ಪ್ಯಾಸ್ಟಿ ತಿನ್ನೋಕೆ" ಅಂದಳು. ಪ್ಯಾಸ್ಟಿ ಅನ್ನೋ ಹೆಸರು ಕೇಳಿದ್ದೇ ಅಪ್ಪ ನೆಟ್ಟಗೆ ಕೂತರು. ಮಾಂಸ, ಆಲೂಗಡ್ಡೆ, ಈರುಳ್ಳಿ, ಗಡ್ಡೆಕೋಸಿನಂಥ ಒಂದು ಗಡ್ಡೆ, ಇಷ್ಟನ್ನು ಹಿಟ್ಟಿನೊಳಗೆ ಮಡಿಸಿ, ಅಂಚನ್ನು ಕರ್ಜಿಕಾಯಿಯ ಹಾಗೆ ಮುರಿಗೆ ಹಾಕಿ ಬೇಯಿಸುತ್ತಾರೆ. ಕಾರ್ನ್‌ವಾಲಿನ ಗಣಿಗೆ ಇಳಿಯುವವರ ಬುತ್ತಿ ಅದು. ನಮ್ಮವರು ರಾಗಿಮುದ್ದೆ ಕಟ್ಟಿಕೊಂಡು ಇಳಿಯೋರು. ಗಣಿಗೆ ಇಳಿದವರ ಕಥೆ ಅವರೂರಿನಲ್ಲೂ ಒಂದೇ, ನಮ್ಮೂರಿನಲ್ಲೂ ಒಂದೇ ಅಂತ ಅಪ್ಪ ಆ ಹುಡುಗಿಗೆ ಹೇಳಿದರು. ನಮ್ಮೂರಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಜಾಸ್ತಿ ಆಳ ಇತ್ತಮ್ಮ, ಕೆಳಗೆ ಹೋದಷ್ಟೂ ಬಂಡೆ ಬಿಸಿ. ಆಗಾಗ ಒಳಗಡೆ ಬಂಡೆ ಸಿಡಿಯೋದು, ಮೇಲೆ ಮನೆಯಲ್ಲಿ ಪಾತ್ರೆ ಅಲ್ಲಾಡೋವು. ಅಲ್ಲಾಡಿದ ಕೂಡಲೆ ಹೆಂಗಸರೆಲ್ಲ ಮಾಡೋ ಕೆಲಸ ಬಿಟ್ಟು ಗಣಿ ಬಾಯಿಯ ಹತ್ತಿರ ಓಡೋರು, ಯಾರ ಮನೆಯವರು ಅಂತ ನೋಡೋಕೆ.

ಅವಳು ಟ್ರೇ ಕೈಯಲ್ಲೇ ಹಿಡಿದುಕೊಂಡು ಕೇಳಿದಳು. ಗಣಿ 2001ರಲ್ಲಿ ಮುಚ್ಚಿತು ಅಂತ ಅಪ್ಪ ಹೇಳಿದಾಗ, ತನ್ನ ತಾತನೂ ಕಲ್ಲಿದ್ದಲ ಗಣಿಯಲ್ಲಿದ್ದವರು, ಅದನ್ನೂ ಮುಚ್ಚಿದರು ಅಂದಳು. ಅಷ್ಟು ಹೇಳಿ ಒಳಗೆ ಹೋದಳು. ಬರುವಾಗ ಒಂದು ಬಾಟಲಿ ತಂದಳು. "ನಮ್ಮ ತಾತ ಎಲ್ಲದಕ್ಕೂ ಇದನ್ನ ಹಾಕ್ಕೊಂಡು ತಿನ್ನೋರು, ನೀವೂ ನೋಡಿ."

ಎಚ್‌ಪಿ ಸಾಸ್. ಮೇಲೆ ಲಂಡನ್ನಿನ ಪಾರ್ಲಿಮೆಂಟಿನ ಚಿತ್ರ. ನಾಟಿಂಗ್‌ಹ್ಯಾಮಿನ ದಿನಸಿ ಅಂಗಡಿಯವನೊಬ್ಬ ಮಾಡಿದ್ದು, ಹೆಸರು ನೋಂದಾಯಿಸಿದ್ದು 1895ರಲ್ಲಿ. ಅಪ್ಪನ ಅಭ್ಯಾಸ, ಏನೇ ಕೈಗೆ ಸಿಕ್ಕಿದರೂ ಹಿಂದಿನ ಚೀಟಿ ಓದಬೇಕು. ಬಾಟಲಿಯನ್ನು ದೀಪದ ಹತ್ತಿರ ಹಿಡಿದು ಓದಿದರು. ಟೊಮೇಟೊ, ವಿನೆಗರ್, ಖರ್ಜೂರ. ಆಮೇಲೆ ಬೆರಳು ನಿಂತಿತು. ಹುಣಸೆಹಣ್ಣು.

"ನೋಡೇ, ಹುಣಸೆಹಣ್ಣು ಹಾಕಿದ್ದಾರೆ!" ಅಮ್ಮನಿಗೆ ತೋರಿಸಿದರು. ಅಮ್ಮ ಬಾಟಲಿ ಇಸಕೊಂಡು, ತಮ್ಮ ತಟ್ಟೆಯ ಸಪ್ಪೆ ಆಲೂಗಡ್ಡೆ ಬಟಾಣಿಯ ಪಕ್ಕಕ್ಕೆ ಒಂದು ಚಮಚ ಹಾಕಿಕೊಂಡು ನಂಚಿ ನೋಡಿದರು. ಅಲ್ಲಿಯವರೆಗೂ ಅವರು ಸುಮ್ನೆ ಕಲಸುತ್ತಾ ಕೂತಿದ್ದರು. ಪಾಪ, ಅಡುಗೆಯವರು ಅವರಿಗೆ ಅಂತಲೇ ಬೇಯಿಸಿದ ತರಕಾರಿ, ಹಿಸುಕಿದ ಆಲೂಗಡ್ಡೆ ಕಳಿಸಿದ್ದರು, ಆದರೆ ಒಗ್ಗರಣೆ ಕಾಣದ ಬಟಾಣಿ ಅಮ್ಮನಿಗೆ ಗಂಟಲಲ್ಲಿ ಇಳಿಯಲ್ಲ. "ಗೊಜ್ಜಿನ ಥರ ಇದೆ" ಅಂದರು. "ಬೆಲ್ಲ ಜಾಸ್ತಿ ಆಗಿದೆ, ಒಂದೆರಡು ಒಣಮೆಣಸಿನಕಾಯಿ ಬಿದ್ದಿದ್ರೆ ಸರಿಹೋಗೋದು." ಆಮೇಲೆ ತಟ್ಟೆ ಖಾಲಿಯಾಯಿತು.

ಆ ಬಾಟಲಿ ನನ್ನನ್ನು ಈಗಲೂ ಬಿಟ್ಟಿಲ್ಲ. ಹುಣಸೆ ನಮ್ಮ ಕಡೆಯಿಂದ ಹೋಯಿತು, ಅವರ ಬಾಟಲಿಯಲ್ಲಿ ಅವರ ಪಾರ್ಲಿಮೆಂಟಿನ ಚಿತ್ರದ ಹಿಂದೆ ಕೂತಿತು. 2007ರಿಂದ ಅದನ್ನು ತಯಾರಿಸೋದು ನೆದರ್‌ಲ್ಯಾಂಡ್ಸ್‌ನಲ್ಲಂತೆ. ಅಲ್ಲಿಂದ ಫ್ಲೋರಿಡಾಕ್ಕೆ ಬಂದು, ಲೀಡ್ಸಿನ ಹುಡುಗಿಯೊಬ್ಬಳ ಕೈಯಿಂದ, ಕೋಲಾರದ ಗಣಿ ಗುಮಾಸ್ತರ ಸೊಸೆಯ ತಟ್ಟೆಗೆ ಬಿತ್ತು. ಆ ಪಾರ್ಕಿನ 11 ದೇಶಗಳಲ್ಲಿ ನಮ್ಮದಿಲ್ಲ ಅಂತ ಮಧ್ಯಾಹ್ನ ನನಗೆ ನಿಜಕ್ಕೂ ಬೇಜಾರಾಗಿತ್ತು. ರಾತ್ರಿ ಆ ಚೀಟಿಯ ಮೇಲೆ, ಇರುವೆ ಗಾತ್ರದ ಅಕ್ಷರದಲ್ಲಿ, ಇತ್ತು.

ಥೀಮ್ ಪಾರ್ಕಿನ ಊಟದ ಬಗ್ಗೆ ನನ್ನ ಸ್ನೇಹಿತರು ಹೇಳೋದು ಗೊತ್ತು. ದುಡ್ಡು ಜಾಸ್ತಿ, ಎಲ್ಲ ನಾಟಕ, ನಿಜವಾದ ಪಬ್ಬು ನೋಡಬೇಕಂದ್ರೆ ಇಂಗ್ಲೆಂಡಿಗೇ ಹೋಗಬೇಕು. ದುಡ್ಡಿನ ಮಾತು ನಿಜ, ನಾವು ವರ್ಷಗಟ್ಟಲೆ ಕೂಡಿಟ್ಟೇ ಹೋಗಿದ್ದು. ಆದರೆ ನಾಟಕ ಅಂದಾಗ ನಾನು ಒಪ್ಪಲ್ಲ. ಅಪ್ಪನಿಗೆ ನಿಜವಾದ ಇಂಗ್ಲೆಂಡ್ ನೋಡೋ ಆಸೆ ಯಾವತ್ತೂ ಇರಲಿಲ್ಲ. ಅವರು ನೋಡಿದ್ದು, ಕನಸಿನಲ್ಲೂ ಕಂಡಿದ್ದು, ಊರು ಬಿಟ್ಟವರು ಕಟ್ಟಿಕೊಂಡ ಇಂಗ್ಲೆಂಡನ್ನೇ. ಅದಕ್ಕೆ ಸರಿಸಾಟಿಯಾದದ್ದು ಲಂಡನ್ನಿನಲ್ಲಿ ಸಿಗಲ್ಲ, ಇಲ್ಲಿ ಸಿಕ್ಕಿತು. ಅದೇ ಕಪ್ಪು ಮರ, ಅದೇ ಹಿತ್ತಾಳೆ, ಅದೇ ಬಿಸಿಲಿನ ಊರಿಗೆ ಬೇಡದ ಚಿಮಣಿ. ವ್ಯತ್ಯಾಸ ಅಂದರೆ ಇಲ್ಲಿ ಬೇಲಿಯ ಹತ್ತಿರ ಯಾರೂ ಬೈಯಲಿಲ್ಲ, ಕುರ್ಚಿ ಎಳೆದು ಕೂರಿಸಿದರು. ನಾನೂ ಊರು ಬಿಟ್ಟವಳೇ. ನನ್ನ ಅಡುಗೆ ಮನೆಯ ಕಿಟಕಿಯಲ್ಲಿ ಕರಿಬೇವಿನ ಗಿಡ ಚಳಿಗಾಲ ಬಂದರೆ ಸಾಯದಂತೆ ದೀಪ ಹಾಕಿ ಸಾಕುತ್ತಿದ್ದೇನೆ. ಬೆಂಕಿಗೂಡಿನ ಮಾತು ಅಪ್ಪ ಹೇಳಿದಾಗ ನನಗೆ ನೆನಪಾಗಿದ್ದು ಅದೇ.

ಕೊನೆಗೆ ಸ್ಟಿಕ್ಕಿ ಟಾಫಿ ಪುಡ್ಡಿಂಗ್ ಬಂತು. ಖರ್ಜೂರ ಹಾಕಿದ ಮೆತ್ತಗಿನ ಬಿಸಿ ಕೇಕು, ಮೇಲೆ ಸುಟ್ಟ ಸಕ್ಕರೆ, ಬೆಣ್ಣೆ, ಕೆನೆಯ ರಸ. ಐದು ಚಮಚ, ಒಂದು ತಟ್ಟೆ. ನನ್ನ ಮಗ ಜಾಸ್ತಿ ತಿಂದ. ಅಪ್ಪ ಅವನಿಗೆ ದಾರದಲ್ಲಿ ಕೇಕು ಕೊಯ್ಯೋ ಕಥೆ ಹೇಳಿದರು. ಅವನು ಅರ್ಧ ಕೇಳಿಸಿಕೊಂಡ.

ಒಂಬತ್ತಕ್ಕೆ ಕೊಳದ ಮೇಲೆ ಬಾಣ ಬಿರುಸು ಶುರುವಾಯಿತು. ಆಗಿನ ಆಟದ ಹೆಸರು ಇಲ್ಯುಮಿನೇಶನ್ಸ್, ಮುಂದಿನ ವರ್ಷ ಸೆಪ್ಟೆಂಬರಿಗೆ ಅದನ್ನು ನಿಲ್ಲಿಸಿಬಿಟ್ಟರು. ದೀಪಗಳೆಲ್ಲ ಆರಿದವು. ಕೊಳದ ಸುತ್ತ ಪಂಜುಗಳು ಮಾತ್ರ ಉರಿಯುತ್ತಿದ್ದವು. ಮೊದಲನೇ ಸದ್ದಿಗೆ ಇಡೀ ಜಗಲಿ ಅದುರಿತು, ಚಮಚಗಳು ತಟ್ಟೆಗೆ ತಾಗಿ ಕಿಣಿಕಿಣಿ ಅಂದವು. ಎಲ್ಲರೂ ಆಕಾಶ ನೋಡುತ್ತಿದ್ದರು. ಅಪ್ಪ ಮಾತ್ರ ಎರಡೂ ಅಂಗೈಯನ್ನು ಟೇಬಲ್ ಮೇಲೆ ಒತ್ತಿ ಹಿಡಿದುಕೊಂಡು ನೀರಿನ ಲೋಟವನ್ನೇ ನೋಡುತ್ತಿದ್ದರು. ಪ್ರತಿ ಸದ್ದಿಗೂ ನೀರು ಉಂಗುರ ಉಂಗುರವಾಗಿ ಅಲುಗುತ್ತಿತ್ತು. ಅಮ್ಮ ಅದನ್ನು ಗಮನಿಸಿ, ಏನೂ ಹೇಳದೆ, ಲೋಟ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಬಿಲ್ಲನ್ನು ನಮ್ಮೆಜಮಾನರು ಕೊಟ್ಟರು, ಅಪ್ಪ ಎಷ್ಟು ಕೇಳಿದರೂ ಬಿಡಲಿಲ್ಲ. ಎದ್ದು ಹೊರಟಾಗ ಹುಡುಗಿ ಬಾಗಿಲವರೆಗೆ ಬಂದಳು. ಇನ್ನು ಎರಡು ತಿಂಗಳಿಗೆ ಊರಿಗೆ ವಾಪಸ್ಸು, ಅಮ್ಮ ಕಾಯ್ತಿದ್ದಾರೆ ಅಂದಳು. ಅಪ್ಪ ಅಂಗಿಯ ಒಳಜೇಬಿಗೆ ಕೈ ಹಾಕಿದರು. ಬೆಂಗಳೂರಿನಲ್ಲಿ ಬದಲಾಯಿಸಿ ತಂದ ಡಾಲರುಗಳು, ಮೂರೂವರೆ ತಿಂಗಳಲ್ಲಿ ಒಂದನ್ನೂ ಖರ್ಚು ಮಾಡಿರಲಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದವು. ಒಂದು ಇಪ್ಪತ್ತರ ನೋಟು ತೆಗೆದು, ರಜ ಮುಗಿಸಿ ಹೊರಡೋ ಮೊಮ್ಮಕ್ಕಳಿಗೆ ಕೊಡೋ ಹಾಗೆ, ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಅವಳು ಬೇಡ ಸರ್ ಅಂದಳು. ಅಷ್ಟು ಹೊತ್ತು ಚೆನ್ನಾಗಿ ಇಂಗ್ಲಿಷ್ ಮಾತಾಡಿದ್ದ ಅಪ್ಪನಿಗೆ ಆಗ ಬಂದದ್ದು ಕನ್ನಡವೇ.

"ಇಟ್ಕೊಳಮ್ಮ."